ಇಬ್ಬರ ನಡುವೆ ಒಂದು ಚಿತ್ರ: ಮಕ್ಕಳ ಒಡನಾಟದ ಕಲಿಕೆಗೆ ಚಿತ್ರಪುಸ್ತಕ ಮತ್ತು ಚಿತ್ರರಚನೆ

2014ರಲ್ಲಿ ಕೆನಡಾದ ಮನೋವಿಜ್ಞಾನಿಗಳ ತಂಡವೊಂದು ಮೂರರಿಂದ ಏಳು ವರ್ಷದ ಮಕ್ಕಳೊಂದಿಗೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿತು. ಮಗುವಿನ ಬೆನ್ನ ಹಿಂದೆ ಆಟಿಕೆಯೊಂದನ್ನು ಇಟ್ಟು, ಸದ್ದು ಕೇಳಿಯೇ ಅದೇನೆಂದು ಊಹಿಸಬೇಕು, ತಿರುಗಿ ನೋಡಬಾರದು ಎಂದು ಹೇಳಿ ದೊಡ್ಡವರು ಕೋಣೆಯಿಂದ ಹೊರಗೆ ಹೋಗುತ್ತಿದ್ದರು. ಮರಳಿ ಬಂದು ಒಂದು ಕಥೆ ಓದುತ್ತಿದ್ದರು. ಆಮೇಲೆ, ತಿರುಗಿ ನೋಡಿದೆಯಾ ಎಂದು ಮಗುವನ್ನು ಕೇಳುತ್ತಿದ್ದರು. ಕೆಲವರಿಗೆ ಓದಿದ್ದು ‘ತೋಳ ಬಂತು ತೋಳ’ ಎಂದು ಸುಳ್ಳು ಕೂಗಿ ಕೊನೆಗೆ ದಂಡ ತೆತ್ತ ಹುಡುಗನ ಕಥೆ, ಇನ್ನು ಕೆಲವರಿಗೆ ಸುಳ್ಳು ಹೇಳಿದಾಗಲೆಲ್ಲ ಮೂಗು ಉದ್ದವಾಗುವ ಮರದ ಬೊಂಬೆಯ ಕಥೆ, ಮತ್ತೆ ಕೆಲವರಿಗೆ ತಾನೇ ಮರ ಕಡಿದೆನೆಂದು ಒಪ್ಪಿಕೊಂಡು ತಂದೆಯ ಮೆಚ್ಚುಗೆ ಪಡೆದ ಬಾಲಕ ಜಾರ್ಜ್ ವಾಷಿಂಗ್ಟನ್ನನ ಕಥೆ. ಮೊದಲ ಎರಡು ಕಥೆಗಳಿಂದ ಮಕ್ಕಳ ಸುಳ್ಳು ಕಡಿಮೆಯಾಗಲಿಲ್ಲ; ಮೂರನೆಯದರಿಂದ ಆಯಿತು. ಅದೇ ಮೂರನೆಯ ಕಥೆಯನ್ನು, ಹುಡುಗ ಸುಳ್ಳು ಹೇಳಿ ಶಿಕ್ಷೆಗೆ ಗುರಿಯಾಗುವಂತೆ ತಿರುಗಿಸಿ ಓದಿದಾಗ ಆ ಪರಿಣಾಮವೂ ಇಲ್ಲವಾಯಿತು.

ಮಕ್ಕಳಿಗೆ ಕಥೆ ಹೇಳುವುದೇ ಕೊನೆಯ ನೀತಿಗಾಗಿ ಎಂದು ನಂಬಿಕೊಂಡು ಬಂದಿರುವ ನಮ್ಮಂಥವರಿಗೆ ಇದು ಯೋಚಿಸಬೇಕಾದ ಫಲಿತಾಂಶ. ಹೆದರಿಸಿ ಕಲಿಸುವ ಕಥೆ ಮಗುವಿಗೆ ಶಿಕ್ಷೆಯ ಚಿತ್ರವನ್ನು ಕೊಡುತ್ತದೆಯೇ ಹೊರತು, ಒಳ್ಳೆಯದನ್ನು ಹೇಗೆ ಮಾಡುವುದು, ಮಾಡಿದರೆ ಎದುರಿಗಿರುವವರಿಗೆ ಏನನ್ನಿಸುತ್ತದೆ ಎಂಬುದರ ಚಿತ್ರವನ್ನು ಕೊಡುವುದಿಲ್ಲ. ನಮ್ಮ ಗೋವಿನ ಹಾಡು ಈ ವಿಷಯದಲ್ಲಿ ಜಾಣತನದ್ದು: ಅಲ್ಲಿ ಸುಳ್ಳಿಗೆ ಶಿಕ್ಷೆಯಾಗುವ ಪ್ರಸಂಗವೇ ಇಲ್ಲ, ಕೊಟ್ಟ ಮಾತಿಗೆ ಮರಳಿ ಬಂದ ಹಸುವನ್ನು ಕಂಡು ಹುಲಿಯ ಮನಸ್ಸು ಏನಾಯಿತು ಎಂಬುದೇ ಕಥೆಯ ತಿರುಳು.

ಹಾಗಾದರೆ ಚಿತ್ರಪುಸ್ತಕಗಳಿಂದ ಮತ್ತು ಚಿತ್ರ ಬಿಡಿಸುವುದರಿಂದ ಮಕ್ಕಳ ಒಡನಾಟದ ಶಕ್ತಿ ಬೆಳೆಯುತ್ತದೆ ಎಂದು ಶಿಕ್ಷಕರೂ ಚಿಕಿತ್ಸಕರೂ ಹೇಳುವಾಗ, ಅದು ಬೆಳೆಯುವುದು ಯಾವುದರಿಂದ? ಪುಸ್ತಕದೊಳಗಿನ ಸಂದೇಶದಿಂದ ಅಲ್ಲ, ಬಣ್ಣಗಳಲ್ಲಿ ಅಡಗಿದ ಯಾವುದೋ ಗುಣದಿಂದಲೂ ಅಲ್ಲ. ಮಗುವೂ ದೊಡ್ಡವರೂ, ಅಥವಾ ಇಬ್ಬರು ಮಕ್ಕಳು, ಒಂದೇ ಚಿತ್ರವನ್ನು ಒಟ್ಟಿಗೆ ನೋಡುತ್ತ ಆಡುವ ಮಾತಿನಿಂದ. ಈ ಲೇಖನ ವಿವರಿಸಲು ಹೊರಟಿರುವುದು ಆ ಮಾತು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು.

ಸಾಮಾಜಿಕ ಕೌಶಲವೆಂದರೆ ದೊಡ್ಡವರಿಗೆ ನಮಸ್ಕರಿಸುವುದು, ತರಗತಿಯಲ್ಲಿ ಗಲಾಟೆ ಮಾಡದೆ ಕೂರುವುದು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಅವು ನಡವಳಿಕೆಯ ಹೊರಮೈ. ಒಡನಾಟಕ್ಕೆ ನಿಜವಾಗಿ ಬೇಕಾದ ಸಾಮರ್ಥ್ಯಗಳು ಇದಕ್ಕಿಂತ ಸೂಕ್ಷ್ಮವಾದವು: ಇನ್ನೊಬ್ಬರು ನೋಡುತ್ತಿರುವುದನ್ನು ತಾನೂ ನೋಡುವುದು, ತನ್ನ ಸರದಿಗಾಗಿ ಕಾಯುವುದು, ಮುಖ ನೋಡಿ ಮನಸ್ಸನ್ನು ಊಹಿಸುವುದು, ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಿರುವುದಿಲ್ಲ ಎಂದು ಅರಿಯುವುದು, ಜಗಳವಾದ ಮೇಲೆ ಮತ್ತೆ ಆಟಕ್ಕೆ ಸೇರಿಕೊಳ್ಳುವ ದಾರಿ ಕಂಡುಕೊಳ್ಳುವುದು. ಇವುಗಳಲ್ಲಿ ಮೊದಲನೆಯದು ಮಗುವಿಗೆ ಒಂದು ವರ್ಷ ತುಂಬುವ ಮೊದಲೇ ಮೊಳೆಯುತ್ತದೆ. ಕೊನೆಯದು ನಮ್ಮಲ್ಲಿ ಎಷ್ಟೋ ಜನರಿಗೆ ನಲವತ್ತಾದರೂ ಬಂದಿರುವುದಿಲ್ಲ.

ಅಜ್ಜಿಗೆ ಗೊತ್ತಿಲ್ಲದ್ದು

ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂಬ ಅರಿವು ಮಕ್ಕಳಲ್ಲಿ ಯಾವಾಗ ಬರುತ್ತದೆ ಎಂಬುದನ್ನು ಪರೀಕ್ಷಿಸಲು ಆಸ್ಟ್ರಿಯಾದ ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪೆರ್ನರ್ 1983ರಲ್ಲಿ ಸರಳ ಉಪಾಯವೊಂದನ್ನು ಮಾಡಿದರು. ಹುಡುಗನೊಬ್ಬ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಟಕ್ಕೆ ಹೋಗುತ್ತಾನೆ. ಅವನು ಇಲ್ಲದಾಗ ತಾಯಿ ಅದನ್ನು ಬೇರೆ ಕಪಾಟಿಗೆ ಸರಿಸುತ್ತಾಳೆ. ಮರಳಿ ಬಂದ ಹುಡುಗ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಚಾಕೊಲೇಟು ಈಗ ಇರುವ ಜಾಗವನ್ನೇ ತೋರಿಸುತ್ತಾರೆ. ತಮಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ ಎಂಬುದು ಅವರಿಗೆ ಹೊಳೆಯುವುದಿಲ್ಲ. ನಾಲ್ಕು ದಾಟಿ ಐದರ ಹೊತ್ತಿಗೆ ಬಹುಪಾಲು ಮಕ್ಕಳು, ಅವನು ಇಟ್ಟ ಜಾಗದಲ್ಲೇ ಹುಡುಕುತ್ತಾನೆ ಎನ್ನುತ್ತಾರೆ.

ಇದು ವಯಸ್ಸಾದಂತೆ ಹಲ್ಲು ಬಂದ ಹಾಗೆ ತಾನಾಗಿ ಬರುವ ಶಕ್ತಿ ಎಂದುಕೊಳ್ಳುವುದು ಸುಲಭ. ಹಾಗಲ್ಲ ಎಂಬುದಕ್ಕೆ ಬಲವಾದ ಸಾಕ್ಷ್ಯ ಒದಗಿದ್ದು ಕಿವುಡು ಮಕ್ಕಳ ಅಧ್ಯಯನದಿಂದ. ಆಸ್ಟ್ರೇಲಿಯಾದಲ್ಲಿ ಕ್ಯಾಂಡಿಡಾ ಪೀಟರ್ಸನ್ ಮತ್ತು ಮೈಕೆಲ್ ಸೀಗಲ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿವಿ ಕೇಳುವ ತಂದೆತಾಯಿಗಳಿಗೆ ಹುಟ್ಟಿದ ಕಿವುಡು ಮಕ್ಕಳು ಬುದ್ಧಿಶಕ್ತಿಯಲ್ಲಿ ಯಾವ ಕೊರತೆಯೂ ಇಲ್ಲದಿದ್ದರೂ ಈ ಬಗೆಯ ಪ್ರಶ್ನೆಗಳಲ್ಲಿ ಹಿಂದುಳಿದಿದ್ದರು. ಸಂಜ್ಞಾಭಾಷೆಯನ್ನೇ ಮನೆಮಾತಾಗಿ ಆಡುವ ಕಿವುಡು ತಂದೆತಾಯಿಗಳ ಕಿವುಡು ಮಕ್ಕಳು ಹಾಗೆ ಹಿಂದುಳಿಯುವುದಿಲ್ಲ ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ವ್ಯತ್ಯಾಸವಿರುವುದು ಕಿವಿಯಲ್ಲಲ್ಲ, ಮನೆಯಲ್ಲಿ ಮಗುವಿನೊಡನೆ ನಡೆಯುವ ಮಾತುಕತೆಯಲ್ಲಿ: ಅವನು ಏನೆಂದುಕೊಂಡ, ಅವಳಿಗೆ ಯಾಕೆ ಬೇಸರವಾಯಿತು, ನಿನಗೆ ಗೊತ್ತಿತ್ತಾ ಎಂಬಂಥ, ಕಣ್ಣಿಗೆ ಕಾಣದ ಸಂಗತಿಗಳ ಬಗೆಗಿನ ಮಾತುಕತೆಯಲ್ಲಿ.

ಚಿತ್ರಪುಸ್ತಕ ಉಪಯೋಗಕ್ಕೆ ಬರುವುದು ಇಲ್ಲಿ. ಒಳ್ಳೆಯ ಚಿತ್ರಪುಸ್ತಕದಲ್ಲಿ ಬರಹ ಒಂದನ್ನು ಹೇಳುತ್ತದೆ, ಚಿತ್ರ ಅದಕ್ಕಿಂತ ಹೆಚ್ಚಿನದನ್ನೋ ಬೇರೆಯದನ್ನೋ ತೋರಿಸುತ್ತದೆ. ಉದಾಹರಣೆಗೆ ಒಂದು ಪುಟವನ್ನು ಕಲ್ಪಿಸಿಕೊಳ್ಳೋಣ. ಬರಹದಲ್ಲಿ ಇರುವುದು ಇಷ್ಟೆ: ‘ಅಜ್ಜಿ ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿ, ಪುಟ್ಟನನ್ನು ಕಾವಲಿಗೆ ಕೂರಿಸಿ ಕೆಳಗೆ ಹೋದಳು.’ ಚಿತ್ರದಲ್ಲಿ ಪುಟ್ಟ ಗೋಡೆಗೊರಗಿ ನಿದ್ದೆಹೋಗಿದ್ದಾನೆ, ಕಾಗೆಯೊಂದು ಹಪ್ಪಳ ಕಚ್ಚಿಕೊಂಡು ಹಾರುತ್ತಿದೆ. ಮುಂದಿನ ಪುಟದಲ್ಲಿ ಅಜ್ಜಿ ಮೇಲೆ ಬಂದಿದ್ದಾಳೆ, ಸೀರೆಯ ಮೇಲೆ ಹಪ್ಪಳವಿಲ್ಲದ ಜಾಗ ಬೋಳಾಗಿ ಕಾಣುತ್ತಿದೆ, ಪುಟ್ಟ ಕಣ್ಣುಜ್ಜಿಕೊಳ್ಳುತ್ತಿದ್ದಾನೆ.

ಈಗ ಮೂರು ಮನಸ್ಸುಗಳು ಸೇರಿದವು. ಕಾಗೆ ಕದ್ದದ್ದು ಓದುತ್ತಿರುವ ಮಗುವಿಗೆ ಗೊತ್ತು, ಅಜ್ಜಿಗೆ ಗೊತ್ತಿಲ್ಲ, ಪುಟ್ಟನಿಗೂ ಗೊತ್ತಿಲ್ಲ. ಓದುವವರು ಇಲ್ಲಿ ಪುಟ ತಿರುಗಿಸುವ ಆತುರ ಬಿಟ್ಟು, “ಅಜ್ಜಿ ಕಾಗೆಯನ್ನು ನೋಡಿದಳಾ? ಹಾಗಾದರೆ ಯಾರು ತಿಂದರು ಅಂದುಕೊಂಡಿರುತ್ತಾಳೆ?” ಎಂದು ಕೇಳಿದರೆ ಮಗು ಅಜ್ಜಿಯ ಕಣ್ಣಿನಿಂದ ಮಾಳಿಗೆಯನ್ನು ನೋಡಬೇಕಾಗುತ್ತದೆ. “ಪುಟ್ಟ ತಾನು ತಿನ್ನಲಿಲ್ಲ ಅಂದರೆ ಅಜ್ಜಿ ನಂಬುತ್ತಾಳಾ?” ಎಂಬ ಮುಂದಿನ ಪ್ರಶ್ನೆ ಇನ್ನೂ ಆಳದ್ದು, ಏಕೆಂದರೆ ಅದಕ್ಕೆ ಉತ್ತರಿಸಲು ಒಬ್ಬರ ಮನಸ್ಸಿನೊಳಗೆ ಇನ್ನೊಬ್ಬರ ಬಗ್ಗೆ ಇರುವ ಅನಿಸಿಕೆಯನ್ನು ಊಹಿಸಬೇಕು. ಮಾಡದ ತಪ್ಪಿಗೆ ಬೈಸಿಕೊಂಡ ಅನುಭವ ಯಾವ ಮಗುವಿಗೆ ತಾನೇ ಇಲ್ಲ. ಉತ್ತರ ಅಲ್ಲಿಂದ ಬರುತ್ತದೆ. ಇದೇ ಪುಟವನ್ನು ‘ಕೆಲಸದ ವೇಳೆ ನಿದ್ದೆ ಮಾಡಬಾರದು’ ಎಂದು ಮುಗಿಸಿದರೆ ಈ ಕಲಿಕೆಯೆಲ್ಲ ಅಲ್ಲಿಗೇ ನಿಂತುಹೋಗುತ್ತದೆ.

ಹೀಗೆ ಕೇಳುತ್ತ ಓದುವ ವಿಧಾನಕ್ಕೆ ಶಿಸ್ತಿನ ರೂಪ ಕೊಟ್ಟವರು ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್. 1988ರಲ್ಲಿ ಅವರ ತಂಡ ಎರಡು, ಎರಡೂವರೆ ವರ್ಷದ ಆಸುಪಾಸಿನ ಮಕ್ಕಳ ತಂದೆತಾಯಿಗಳಿಗೆ ಓದುವ ಕ್ರಮವನ್ನು ಕಲಿಸಿಕೊಟ್ಟಿತು: ಹೌದು ಅಥವಾ ಇಲ್ಲ ಎಂಬಲ್ಲಿಗೆ ಮುಗಿಯುವ ಪ್ರಶ್ನೆಗಳನ್ನು ಬಿಟ್ಟು ವಿವರ ಬೇಡುವ ಪ್ರಶ್ನೆ ಕೇಳಬೇಕು, ಮಗು ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸಿ ಮರಳಿ ಹೇಳಬೇಕು, ನಿಧಾನವಾಗಿ ಕಥೆ ಹೇಳುವ ಕೆಲಸವನ್ನು ಮಗುವಿಗೇ ಬಿಟ್ಟುಕೊಡಬೇಕು. ಸುಮಾರು ಒಂದು ತಿಂಗಳ ಬಳಿಕ ಆ ಮಕ್ಕಳ ಮಾತು, ಎಂದಿನಂತೆ ಓದಿಸಿಕೊಂಡ ಮಕ್ಕಳ ಮಾತಿಗಿಂತ ಮುಂದಿತ್ತು. ಇಲ್ಲಿ ಒಂದು ಎಚ್ಚರ ಅಗತ್ಯ. ಈ ಅಧ್ಯಯನ ಅಳೆದದ್ದು ಭಾಷೆಯನ್ನು, ಸ್ನೇಹವನ್ನಲ್ಲ. ಆದರೆ ಮನಸ್ಸಿನ ಸಂಗತಿಗಳನ್ನು ಮಾತಿಗೆ ತರಲು ಬಂದ ಮಗುವಿಗೆ ಕೈಯೆತ್ತುವ ಅಗತ್ಯ ಕಡಿಮೆಯಾಗುತ್ತದೆ ಎಂಬುದನ್ನು ಅಂಗನವಾಡಿ ನಡೆಸುವ ಯಾರನ್ನು ಕೇಳಿದರೂ ಹೇಳಿಯಾರು.

ಪ್ರಶ್ನೆಗಳು ಪರೀಕ್ಷೆಯಾಗಬಾರದು ಎಂಬುದು ಹೇಳಿದಷ್ಟು ಸುಲಭವಲ್ಲ. “ಇದು ಯಾವ ಬಣ್ಣ? ಇದು ಯಾವ ಪ್ರಾಣಿ? ಹೇಳು ಹೇಳು” ಎಂದು ಬೆರಳಿಟ್ಟು ಕೇಳುವುದು ನಮಗೆ ಅಭ್ಯಾಸವಾಗಿ ಹೋಗಿದೆ, ಮನೆಗೆ ನೆಂಟರು ಬಂದಾಗಲಂತೂ ಅದು ಪ್ರದರ್ಶನವೇ ಆಗುತ್ತದೆ. ಉತ್ತರ ಮೊದಲೇ ಗೊತ್ತಿರುವವರು ಕೇಳುವ ಪ್ರಶ್ನೆಯಲ್ಲಿ ಮಗುವಿಗೆ ಒಡನಾಟದ ಪಾಠವಿರುವುದಿಲ್ಲ. ಕೇಳುವವರಿಗೂ ನಿಜವಾದ ಕುತೂಹಲವಿರಬೇಕು, ಮಗುವಿನ ಉತ್ತರದಿಂದ ಕಥೆಯ ದಾರಿ ಬದಲಾಗುವ ಸಾಧ್ಯತೆಯಿರಬೇಕು. ಒಂದು ಸಲ ಓದಲು ಕೂತಾಗ ಎರಡು ಮೂರು ಪ್ರಶ್ನೆ ಸಾಕು. ಪ್ರತಿ ಪುಟಕ್ಕೂ ನಿಲ್ಲಿಸಿದರೆ ಕಥೆಯೇ ಸತ್ತುಹೋಗುತ್ತದೆ.

ಬರಹವೇ ಇಲ್ಲದ ಪುಸ್ತಕಗಳನ್ನು ಕಂಡರೆ ನಮ್ಮಲ್ಲಿ ದುಡ್ಡು ದಂಡ ಎನ್ನುವವರಿದ್ದಾರೆ. ವಾಸ್ತವದಲ್ಲಿ ಅವು ಬಹಳ ಕೆಲಸದವು. ಅಕ್ಷರ ಕಲಿಯದ ಅಜ್ಜಿಯೂ ಮೊಮ್ಮಗಳೂ ಅಲ್ಲಿ ಸರಿಸಮಾನರು. ಬೆಂಗಳೂರಿನ ಕಟ್ಟಡ ಕಾರ್ಮಿಕರ ವಸತಿಗಳ ಪಕ್ಕದ ಶಾಲೆಗಳಲ್ಲಿ ತೆಲುಗು, ಹಿಂದಿ, ಕಲಬುರಗಿಯ ಕನ್ನಡ, ಬೆಂಗಳೂರಿನ ಕನ್ನಡಗಳು ಒಂದೇ ಬೆಂಚಿನಲ್ಲಿ ಕೂತಿರುವಾಗ, ಚಿತ್ರವೊಂದನ್ನು ಪ್ರತಿ ಮಗುವೂ ತನ್ನ ಮಾತಿನಲ್ಲಿ ಹೇಳಿ, ಪಕ್ಕದವರು ಹೇಳಿದ್ದನ್ನು ಅರ್ಥಮಾಡಿಕೊಳ್ಳಲು ಹೆಣಗುವುದೇ ದೊಡ್ಡ ಸಾಮಾಜಿಕ ಅಭ್ಯಾಸ.

ಪುಸ್ತಕದ ಆಯ್ಕೆಯಲ್ಲಿ ಇನ್ನೊಂದು ಅನಿರೀಕ್ಷಿತ ಸಂಗತಿಯಿದೆ. ನರಿ, ಮೊಲ, ಕರಡಿಗಳು ಅಂಗಿ ತೊಟ್ಟು ಹಂಚಿಕೊಳ್ಳುವುದನ್ನು ಕಲಿಯುವ ಕಥೆಗಳು ಮಕ್ಕಳ ಸಾಹಿತ್ಯದ ತುಂಬ ಇವೆ. ಟೊರಾಂಟೊದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಒಂದೇ ಕಥೆಯನ್ನು ನಾಲ್ಕರಿಂದ ಆರು ವರ್ಷದ ಕೆಲವು ಮಕ್ಕಳಿಗೆ ಪ್ರಾಣಿಗಳ ಚಿತ್ರಗಳೊಂದಿಗೆ, ಕೆಲವರಿಗೆ ಮನುಷ್ಯರ ಚಿತ್ರಗಳೊಂದಿಗೆ ಓದಿ, ಓದುವ ಮೊದಲೂ ಆಮೇಲೂ ತಮಗೆ ಸಿಕ್ಕ ಸ್ಟಿಕರುಗಳಲ್ಲಿ ಎಷ್ಟನ್ನು ಇನ್ನೊಬ್ಬರಿಗೆ ಕೊಡುತ್ತಾರೆ ಎಂದು ನೋಡಿದರು. ಮನುಷ್ಯರ ಕಥೆ ಕೇಳಿದ ಮಕ್ಕಳು ಹೆಚ್ಚು ಹಂಚಿದರು. ಪ್ರಾಣಿಗಳ ಕಥೆ ಕೇಳಿದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಪ್ರಾಣಿಗಳನ್ನು ಮನುಷ್ಯರಂತೆಯೇ ಎಂದು ಭಾವಿಸಿದ ಮಕ್ಕಳು ಮಾತ್ರ ಹೆಚ್ಚು ಉದಾರವಾಗಿದ್ದರು. ಕಥೆಯ ಕಾಡಿನಿಂದ ತನ್ನ ಓಣಿಗೆ ಪಾಠವನ್ನು ತಂದುಕೊಳ್ಳುವುದು ಈ ವಯಸ್ಸಿನಲ್ಲಿ ಕಷ್ಟ ಎಂಬುದು ಇದರ ಅರ್ಥ. ಪಂಚತಂತ್ರವನ್ನು ಅಟ್ಟಕ್ಕೆ ಹಾಕಬೇಕಾಗಿಲ್ಲ, “ನಮ್ಮ ಕ್ಲಾಸಿನಲ್ಲಿ ಹೀಗೆ ಯಾವಾಗ ಆಗಿತ್ತು?” ಎಂಬ ಸೇತುವೆಯ ಪ್ರಶ್ನೆಯನ್ನು ದೊಡ್ಡವರು ಮರೆಯದೆ ಕೇಳಬೇಕು. ನೇರವಾಗಿ ಒಂದು ನಡವಳಿಕೆಯನ್ನು ರೂಢಿಸಬೇಕಿದ್ದರೆ ಮನುಷ್ಯರ, ಅದರಲ್ಲೂ ಮಗುವಿನ ಊರು ಮನೆಗಳನ್ನು ಹೋಲುವ ಚಿತ್ರಗಳ ಪುಸ್ತಕ ಒಳ್ಳೆಯದು. ಮಗು ನೋವಿನಲ್ಲಿರುವಾಗ ಮಾತ್ರ ಪ್ರಾಣಿಗಳ ದೂರವೇ ಅನುಕೂಲ ಎಂಬುದು ನನ್ನ ಅಭಿಪ್ರಾಯ. ‘ಮೊಲಕ್ಕೆ ಭಯವಾಯಿತು’ ಎಂದು ಹೇಳುವುದು ‘ನನಗೆ ಭಯವಾಯಿತು’ ಎನ್ನುವುದಕ್ಕಿಂತ ಹಗುರ.

ಆಟಿಸಂ ಇರುವ ಮಕ್ಕಳ ವಿಷಯದಲ್ಲಿ ಊಹೆಗೆ ಬಿಟ್ಟ ಚಿತ್ರಗಳಿಗಿಂತ ಬಿಡಿಸಿ ಹೇಳುವ ಪುಟ್ಟ ಸಚಿತ್ರ ಬರಹಗಳು ಹೆಚ್ಚು ನೆರವಾಗಬಹುದು. ಅಮೆರಿಕದ ಮಿಷಿಗನ್ ರಾಜ್ಯದ ಶಿಕ್ಷಕಿ ಕ್ಯಾರಲ್ ಗ್ರೇ 1990ರ ದಶಕದ ಆರಂಭದಲ್ಲಿ ಇಂಥ ‘ಸೋಷಿಯಲ್ ಸ್ಟೋರಿ’ಗಳ ಕ್ರಮವನ್ನು ರೂಪಿಸಿದರು. ಅದರ ಮುಖ್ಯ ನಿಯಮವೆಂದರೆ, ಹೀಗೆ ಮಾಡು ಎನ್ನುವ ವಾಕ್ಯಗಳಿಗಿಂತ ಏನು ನಡೆಯುತ್ತದೆ, ಯಾಕೆ ನಡೆಯುತ್ತದೆ ಎಂದು ವಿವರಿಸುವ ವಾಕ್ಯಗಳು ಬಹಳ ಹೆಚ್ಚಿರಬೇಕು. ನಮ್ಮ ಶಾಲೆಯ ಬಿಸಿಯೂಟಕ್ಕೆ ಅದನ್ನು ಒಗ್ಗಿಸಿದರೆ ಹೀಗಾಗುತ್ತದೆ: ‘ಮಧ್ಯಾಹ್ನ ಗಂಟೆ ಬಾರಿಸಿದಾಗ ಎಲ್ಲರೂ ತಟ್ಟೆ ಹಿಡಿದು ಸಾಲು ನಿಲ್ಲುತ್ತಾರೆ. ಎಲ್ಲರಿಗೂ ಹಸಿವಾಗಿರುತ್ತದೆ. ಅಡುಗೆಯಕ್ಕ ಒಬ್ಬೊಬ್ಬರಿಗೇ ಬಡಿಸುತ್ತಾರೆ. ಸಾಲು ಕೆಲವೊಮ್ಮೆ ಉದ್ದವಿರುತ್ತದೆ. ಪಾತ್ರೆಯಲ್ಲಿ ನನಗೂ ಅನ್ನ ಇರುತ್ತದೆ. ನಾನು ಮುಂದಿನವರ ಹಿಂದೆ ನಿಂತು ಕಾಯಲು ಪ್ರಯತ್ನಿಸುತ್ತೇನೆ.’ ಪ್ರತಿ ವಾಕ್ಯಕ್ಕೂ ಆ ಶಾಲೆಯದೇ ಫೋಟೊ ಅಥವಾ ಗೆರೆಚಿತ್ರ. ಆರು ವಾಕ್ಯಗಳಲ್ಲಿ ಮಗು ಏನು ಮಾಡಬೇಕೆಂಬುದು ಒಂದೇ. ಉಳಿದವು ಅದಕ್ಕೆ ಕಾರಣ ಕಟ್ಟಿಕೊಡುತ್ತವೆ. ಈ ವಿಧಾನದ ಫಲ ಎಲ್ಲ ಮಕ್ಕಳಲ್ಲಿ ಒಂದೇ ತೆರನಾಗಿ ಕಂಡಿಲ್ಲ, ಆದರೂ ಖರ್ಚಿಲ್ಲದ, ಅಪಾಯವಿಲ್ಲದ ಸಾಧನವಿದು.

ಗೀಚಿದ ಗೆರೆಯಿಂದ ಶುರುವಾಗುವ ಸಂಭಾಷಣೆ

ನೋಡುವ ಚಿತ್ರದಿಂದ ಬಿಡಿಸುವ ಚಿತ್ರಕ್ಕೆ ಬರೋಣ. ಇಂಗ್ಲೆಂಡಿನ ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನಿಕಾಟ್ ತಮ್ಮ ಬಳಿಗೆ ಬಂದ ಮಕ್ಕಳೊಂದಿಗೆ ಒಂದು ಆಟ ಆಡುತ್ತಿದ್ದರು. ಕಣ್ಣು ಮುಚ್ಚಿ ಹಾಳೆಯ ಮೇಲೆ ಒಂದು ಗೀಚು ಎಳೆದು, ಅದನ್ನು ಏನಾದರೊಂದಾಗಿ ಮಾಡು ಎಂದು ಮಗುವಿಗೆ ಕೊಡುತ್ತಿದ್ದರು. ಮಗು ಅದಕ್ಕೆ ಬಾಲವೋ ಕಣ್ಣೋ ಸೇರಿಸುತ್ತಿತ್ತು. ಬಳಿಕ ಮಗುವಿನ ಸರದಿ: ಅದು ಗೀಚುತ್ತಿತ್ತು, ವೈದ್ಯರು ಪೂರ್ಣಗೊಳಿಸುತ್ತಿದ್ದರು. ಚಿಕಿತ್ಸೆಗಾಗಿ ವಿನಿಕಾಟ್ ಇದನ್ನು ಬಳಸಿದ್ದು ಬಹಳ ಆಳದ ಉದ್ದೇಶಕ್ಕೆ. ಆದರೆ ಆಟದ ಮೇಲ್ಪದರವನ್ನಷ್ಟೇ ನೋಡಿದರೂ ಅದರಲ್ಲಿ ಒಡನಾಟದ ವ್ಯಾಕರಣವಿದೆ. ಸರದಿ ತಾನಾಗಿ ಬರುತ್ತದೆ. ಇನ್ನೊಬ್ಬರು ಕೊಟ್ಟದ್ದನ್ನು ಅಳಿಸದೆ ಅದರ ಮೇಲೆಯೇ ಕಟ್ಟಬೇಕಾಗುತ್ತದೆ. ತಪ್ಪು ಗೆರೆ ಎಂಬುದೇ ಇರುವುದಿಲ್ಲ. ಸ್ಲೇಟು, ಬಳಪ ಇದ್ದರೆ ಯಾವ ಮನೆಯಲ್ಲೂ ಇದನ್ನು ಆಡಬಹುದು. ಮಾತು ಕಡಿಮೆಯಿರುವ, ಹೊಸಬರ ಮುಖ ನೋಡದ ಮಗುವಿಗೆ ಇದು ವಿಶೇಷವಾಗಿ ಒಗ್ಗುತ್ತದೆ, ಏಕೆಂದರೆ ಇಬ್ಬರ ಕಣ್ಣೂ ಹಾಳೆಯ ಮೇಲಿರುತ್ತದೆ, ಒಬ್ಬರ ಮುಖವನ್ನೊಬ್ಬರು ದಿಟ್ಟಿಸಬೇಕಾಗಿಲ್ಲ.

ಗುಂಪಿನ ಚಿತ್ರ ಇದಕ್ಕಿಂತ ಕಷ್ಟದ್ದು, ಅದಕ್ಕೇ ಹೆಚ್ಚು ಕಲಿಸುವಂಥದ್ದು. ನಾಲ್ಕು ಮಕ್ಕಳಿಗೆ ಒಂದು ದೊಡ್ಡ ಹಾಳೆ, ಬೇಕೆಂದೇ ಕಡಿಮೆ ಕ್ರೇಯಾನುಗಳು, ‘ನಮ್ಮ ಊರ ಸಂತೆ’ ಎಂಬ ವಿಷಯ ಕೊಟ್ಟರೆ ಮೊದಲ ಹತ್ತು ನಿಮಿಷ ನಡೆಯುವುದು ಗಡಿ ಹಾಕುವ ಕೆಲಸ. ಪ್ರತಿ ಮಗುವೂ ತನ್ನ ಮೂಲೆ ಹಿಡಿದು, ಕೆಲವೊಮ್ಮೆ ಗೆರೆ ಎಳೆದೇ, ಇದು ನನ್ನದು ಎನ್ನುತ್ತದೆ. ಶಿಕ್ಷಕರು ಆಗ ತೀರ್ಪು ಕೊಡಲು ಹೋಗದೆ, “ನಿನ್ನ ಅಂಗಡಿಯಿಂದ ಅವಳ ಬಸ್‌ಸ್ಟ್ಯಾಂಡಿಗೆ ಜನ ಹೇಗೆ ಹೋಗುತ್ತಾರೆ?” ಎಂದಷ್ಟೇ ಕೇಳಿದರೆ ದಾರಿಯೊಂದನ್ನು ಬಿಡಿಸಬೇಕಾಗುತ್ತದೆ, ದಾರಿ ಬಿಡಿಸಲು ಗಡಿ ದಾಟಬೇಕಾಗುತ್ತದೆ, ದಾಟಲು ಕೇಳಬೇಕಾಗುತ್ತದೆ. ಇಬ್ಬರಿಗೂ ಹಸಿರು ಬಣ್ಣ ಒಮ್ಮೆಗೇ ಬೇಕಾದಾಗ ಏಳುವ ಜಗಳವೇ ಅಂದಿನ ಪಾಠ. ಎಲ್ಲ ಮಕ್ಕಳಿಗೂ ಒಂದೊಂದು ಡಬ್ಬಿ ಬಣ್ಣ, ಒಂದೊಂದು ಹಾಳೆ ಹಂಚಿದ ತರಗತಿ ಶಾಂತವಾಗಿರುತ್ತದೆ, ನಿಜ. ಅಲ್ಲಿ ಚಿತ್ರಕಲೆ ನಡೆಯುತ್ತದೆ, ಒಡನಾಟ ನಡೆಯುವುದಿಲ್ಲ.

ಗುಂಪಾಗಿ ಚಿತ್ರ ಬರೆಯುವುದು ನಮ್ಮ ನೆಲಕ್ಕೆ ಹೊಸದಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುವಾಗ ಹಿರಿಯರ ಪಕ್ಕದಲ್ಲಿ ಕಿರಿಯರು ಕೂತು ಕಲಿಯುತ್ತ ಬಂದಿದ್ದಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಪದ್ಧತಿಯೂ ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಗುಂಪುಗಳಲ್ಲಿ ಕೂರಿಸಿ, ಒಬ್ಬರಿಂದೊಬ್ಬರು ಕಲಿಯುವುದಕ್ಕೆ ಜಾಗ ಮಾಡಿಕೊಟ್ಟಿತು. ಒಂದು ಹಾಳೆಯ ಸುತ್ತ ನಾಲ್ಕು ಮಕ್ಕಳನ್ನು ಕೂರಿಸುವುದಕ್ಕೆ ನಮ್ಮ ಸರ್ಕಾರಿ ಶಾಲೆಯ ಒಂದರಿಂದ ಮೂರನೆಯ ತರಗತಿಗಳು ಹೇಳಿ ಮಾಡಿಸಿದ ಜಾಗ.

ಮೂರನೆಯ ಕೈ

‘ಆರ್ಟ್ ಥೆರಪಿ’ (ಕಲಾಚಿಕಿತ್ಸೆ) ಎಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದವರು ಬ್ರಿಟನ್ನಿನ ಚಿತ್ರಕಾರ ಏಡ್ರಿಯನ್ ಹಿಲ್. ಕ್ಷಯರೋಗದಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಚಿತ್ರ ಬರೆಯುವುದರಿಂದ ತಮಗಾದ ಉಪಕಾರವನ್ನು ಕಂಡು ಅವರು ಇತರ ರೋಗಿಗಳಿಗೂ ಅದನ್ನು ಹಬ್ಬಿಸಿದರು. ಆದರೆ ಮಕ್ಕಳ ವಿಷಯದಲ್ಲಿ ಈ ಕ್ಷೇತ್ರದ ಬೇರು ಇನ್ನೊಂದು ಕಡೆ, ಬಹಳ ಕತ್ತಲಿನ ಜಾಗದಲ್ಲಿದೆ.

ವಿಯೆನ್ನಾದಲ್ಲಿ 1898ರಲ್ಲಿ ಹುಟ್ಟಿ, ಜರ್ಮನಿಯ ಪ್ರಸಿದ್ಧ ಬೌಹೌಸ್ ಕಲಾಶಾಲೆಯಲ್ಲಿ ಕಲಿತ ಫ್ರೀಡಲ್ ಡಿಕರ್-ಬ್ರಾಂಡೈಸ್ ಎಂಬ ಯಹೂದಿ ಕಲಾವಿದೆಯನ್ನು ನಾಜಿಗಳು 1942ರ ಡಿಸೆಂಬರಿನಲ್ಲಿ ಚೆಕ್ ನಾಡಿನ ಟೆರೆಜೀನ್ ಬಂಧನಶಿಬಿರಕ್ಕೆ ಸಾಗಿಸಿದರು. ಅಲ್ಲಿ ತಂದೆತಾಯಿಗಳಿಂದ ಬೇರ್ಪಟ್ಟು ಬದುಕುತ್ತಿದ್ದ ಮಕ್ಕಳಿಗೆ ಅವರು ಸಿಕ್ಕ ಸಿಕ್ಕ ಕಾಗದದ ಮೇಲೆ ಚಿತ್ರ ಬರೆಯಲು ಕಲಿಸಿದರು. ಮಕ್ಕಳು ತಮ್ಮ ಚಿತ್ರಗಳಿಗೆ ತಮ್ಮ ಹೆಸರು ಬರೆಯುತ್ತಿದ್ದರು. ಮನುಷ್ಯರನ್ನು ಪಟ್ಟಿಯಲ್ಲಿನ ಸಂಖ್ಯೆಗಳಾಗಿಸಿದ್ದ ಜಾಗದಲ್ಲಿ ಅದು ಸಣ್ಣ ಸಂಗತಿಯಲ್ಲ. 1944ರ ಅಕ್ಟೋಬರಿನಲ್ಲಿ ಆಷ್‌ವಿಟ್ಸ್‌ನಲ್ಲಿ ಅವರ ಹತ್ಯೆಯಾಯಿತು. ಹೋಗುವ ಮೊದಲು ಎರಡು ಪೆಟ್ಟಿಗೆಗಳಲ್ಲಿ ಅಡಗಿಸಿಟ್ಟಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಚಿತ್ರಗಳು ಯುದ್ಧ ಮುಗಿದ ಮೇಲೆ ದೊರೆತು, ಇಂದು ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಅವನ್ನು ಬರೆದ ಮಕ್ಕಳಲ್ಲಿ ಹೆಚ್ಚಿನವರು ಬದುಕುಳಿಯಲಿಲ್ಲ.

ಶಿಬಿರಕ್ಕೂ ಮುಂಚೆ, ಪ್ರಾಗ್‌ನಲ್ಲಿ ನಿರಾಶ್ರಿತರ ಮಕ್ಕಳಿಗೆ ಪಾಠ ಮಾಡುವಾಗ ಅವರಿಗೆ ನೆರವಾಗಿದ್ದ ಶಿಷ್ಯೆ ಎಡಿತ್ ಕ್ರೇಮರ್ 1938ರಲ್ಲಿ ಅಮೆರಿಕಕ್ಕೆ ತಪ್ಪಿಸಿಕೊಂಡು ಹೋಗಿ, ಮಕ್ಕಳ ಕಲಾಚಿಕಿತ್ಸೆಯ ಹಿರಿಯರಲ್ಲಿ ಒಬ್ಬರಾದರು. ಚಿಕಿತ್ಸಕರ ಪಾತ್ರವನ್ನು ಅವರು ‘ಮೂರನೆಯ ಕೈ’ ಎಂದು ಕರೆದರು. ಮಗುವಿನ ಎರಡು ಕೈಗಳು ಮಾಡಬಯಸಿದ್ದನ್ನು ಮಾಡಲಾಗದೆ ನಿಂತಾಗ ಮಾತ್ರ ಈ ಕೈ ಮುಂದೆ ಬರಬೇಕು: ಜೇಡಿಮಣ್ಣಿನ ಆನೆಯ ಕಾಲು ಮುರಿಯುತ್ತಿದ್ದರೆ ಒಳಗೊಂದು ಕಡ್ಡಿ ಇಡುವುದನ್ನು ತೋರಿಸಬೇಕು, ಬಣ್ಣ ಹರಿದು ಎಲ್ಲ ಕಲಸಿಹೋಗುತ್ತಿದ್ದರೆ ದಪ್ಪ ಬಣ್ಣ ಕೊಡಬೇಕು, ತನ್ನ ರುಚಿಯನ್ನೋ ತನ್ನ ಅರ್ಥವನ್ನೋ ಮಗುವಿನ ಚಿತ್ರದೊಳಗೆ ತುರುಕಬಾರದು. ನಮ್ಮ ಚಿತ್ರಕಲಾ ಸ್ಪರ್ಧೆಗಳಲ್ಲಿ, ಎರಡು ಬೆಟ್ಟಗಳ ನಡುವಿನ ಸೂರ್ಯನನ್ನು ದೊಡ್ಡವರೇ ತಿದ್ದಿ ಬಿಡಿಸಿಕೊಡುವುದನ್ನು ಕಂಡವರಿಗೆ ಈ ಮಾತಿನ ಬೆಲೆ ತಿಳಿದೀತು.

ಅರ್ಥ ತುರುಕುವ ಚಟ ಇನ್ನೊಂದು ದಿಕ್ಕಿನಿಂದಲೂ ಬರುತ್ತದೆ. ಕಪ್ಪು ಬಣ್ಣ ಬಳಸಿದರೆ ಖಿನ್ನತೆ, ಕೈಗಳಿಲ್ಲದ ಮನುಷ್ಯನನ್ನು ಬರೆದರೆ ಅಸಹಾಯಕತೆ, ದೊಡ್ಡ ಹಲ್ಲು ಬರೆದರೆ ಆಕ್ರಮಣಶೀಲತೆ ಎಂಬ ಪಟ್ಟಿಗಳು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತವೆ. ಮನುಷ್ಯನ ಚಿತ್ರದಿಂದ ವ್ಯಕ್ತಿತ್ವವನ್ನು ಓದುವ ಪದ್ಧತಿ 1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹೆಸರುವಾಸಿಯಾಗಿತ್ತು. ಮುಂದಿನ ದಶಕದಿಂದಲೇ ನಡೆದ ವಿಮರ್ಶೆಗಳು ಇಂಥ ಒಂದೊಂದು ಚಿಹ್ನೆಗೆ ಒಂದೊಂದು ಅರ್ಥ ಕಟ್ಟುವುದಕ್ಕೆ ಗಟ್ಟಿ ಆಧಾರ ಕಾಣಲಿಲ್ಲ. ಐದು ವರ್ಷದ ಮಗು ಮುಖದಿಂದಲೇ ಕಾಲು ಹೊರಡಿಸುವುದು, ಮನೆಯ ಗೋಡೆಯ ಮೂಲಕ ಒಳಗಿನದನ್ನೆಲ್ಲ ತೋರಿಸುವುದು, ತನಗೆ ಮುಖ್ಯವಾದವರನ್ನು ದೊಡ್ಡದಾಗಿ ಬರೆಯುವುದು ಚಿತ್ರ ಬರೆಯಲು ಕಲಿಯುವ ಸಹಜ ಹಂತಗಳು. ಮಗು ಕಪ್ಪು ಬಳಸಿದ್ದು ಡಬ್ಬಿಯಲ್ಲಿ ಅದೊಂದೇ ಮುರಿಯದೆ ಉಳಿದಿತ್ತು ಎಂಬ ಕಾರಣಕ್ಕೂ ಇರಬಹುದು. ಆದ್ದರಿಂದ “ಇದೇನು?” ಎಂದು ತನಿಖೆ ಮಾಡುವ ಬದಲು “ಈ ಚಿತ್ರದ ಬಗ್ಗೆ ಹೇಳ್ತೀಯಾ?” ಎಂದು ಕೇಳಿ, ಹೇಳದಿದ್ದರೆ ಸುಮ್ಮನಿರುವುದು ಸರಿಯಾದ ಕ್ರಮ. “ತುಂಬ ಚೆನ್ನಾಗಿದೆ” ಎಂಬ ಹೊಗಳಿಕೆಗಿಂತ “ಇಲ್ಲಿ ಎಷ್ಟೊಂದು ಸಲ ಗಟ್ಟಿಯಾಗಿ ಒತ್ತಿ ಬರೆದಿದ್ದೀಯ” ಎಂದು ಕಂಡದ್ದನ್ನು ಹೇಳುವುದು ಮಗುವಿನ ಬಾಯಿ ಬಿಡಿಸುತ್ತದೆ.

ಮನಸ್ಸಿನಲ್ಲಿರುವ ನೋವನ್ನೆಲ್ಲ ಹಾಳೆಯ ಮೇಲೆ ಹೊರಹಾಕಿದರೆ ಹಗುರವಾಗುತ್ತದೆ ಎಂಬ ನಂಬಿಕೆಗೂ ಮಿತಿಯಿದೆ. ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ತಮಗೆ ನಿರಾಸೆಯಾದ ಘಟನೆಯೊಂದನ್ನು ನೆನೆಯಲು ಹೇಳಿ, ಕೆಲವರಿಗೆ ಅದನ್ನೇ ಬಿಡಿಸಲು, ಕೆಲವರಿಗೆ ಅದಕ್ಕೆ ಸಂಬಂಧವಿಲ್ಲದ್ದನ್ನು ಬಿಡಿಸಲು ಸೂಚಿಸಿದರು. ಬೇರೆಯದನ್ನು ಬಿಡಿಸಿದ ಮಕ್ಕಳ ಮನಸ್ಸೇ ಹೆಚ್ಚು ತಿಳಿಯಾಯಿತು. ಹಾಗಾಗಿ ಮೈದಾನದಲ್ಲಿ ಜಗಳವಾಡಿ ಅಳುತ್ತ ಬಂದ ಮಗುವಿಗೆ ಕೂಡಲೇ ‘ಏನಾಯಿತೋ ಅದನ್ನೇ ಬರಿ’ ಎನ್ನುವುದಕ್ಕಿಂತ, ಮೊದಲು ಇಷ್ಟಬಂದದ್ದನ್ನು ಬಿಡಿಸಲು ಬಿಟ್ಟು, ತಣ್ಣಗಾದ ಮೇಲೆ ಜಗಳದ ಮಾತೆತ್ತುವುದು ಲೇಸು. ಆಗ ಮೂರು ಚೌಕ ಹಾಕಿ, ಜಗಳಕ್ಕೆ ಮುಂಚೆ ಏನಾಗಿತ್ತು, ಆಮೇಲೇನಾಯಿತು, ಮುಂದೇನು ಮಾಡಬಹುದು ಎಂದು ಇಬ್ಬರು ಮಕ್ಕಳಿಂದಲೂ ಬೇರೆ ಬೇರೆ ಬಿಡಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಘಟನೆಗೆ ಎರಡು ಕಥೆಗಳಿರುವುದು ಇಬ್ಬರಿಗೂ ಕಾಣುತ್ತದೆ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಬಹುಪಾಲನ್ನು ತಂದೆತಾಯಿ, ಶಿಕ್ಷಕರು, 2020ರಿಂದೀಚೆಗೆ ಮಕ್ಕಳಿಗಾಗಿ ಓದಿನ ಚಟುವಟಿಕೆ ನಡೆಸುತ್ತಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರು ಯಾರು ಬೇಕಾದರೂ ಮಾಡಬಹುದು. ಪುಸ್ತಕಗಳ ಕೊರತೆಯೂ ಮುಂಚಿನಷ್ಟಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂ ಅನುಮತಿಯಿದೆ. ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ಚೆನ್ನೈನ ತೂಲಿಕಾ ಪ್ರಕಾಶನ ಕನ್ನಡದಲ್ಲೂ ಪ್ರಕಟಿಸುತ್ತವೆ. ಆದರೆ ಇದನ್ನೆಲ್ಲ ಕಲಾಚಿಕಿತ್ಸೆ ಎಂದು ಕರೆಯುವುದು ಸಲ್ಲದು. ಬ್ರಿಟನ್ನಿನಲ್ಲಿ ಕಲಾಚಿಕಿತ್ಸಕರು ಎಂಬ ಹೆಸರು ಕಾನೂನಿನ ರಕ್ಷಣೆಯಲ್ಲಿದೆ, ನೋಂದಾಯಿತರಲ್ಲದವರು ಅದನ್ನು ಬಳಸುವಂತಿಲ್ಲ. ನಮ್ಮಲ್ಲಿ ವಾರಾಂತ್ಯದ ಕಾರ್ಯಾಗಾರ ಮುಗಿಸಿದವರೂ ಹೆಸರಿನ ಮುಂದೆ ಅದನ್ನು ಹಾಕಿಕೊಳ್ಳುವುದನ್ನು ಕಾಣುತ್ತೇವೆ. ಮಗುವನ್ನು ಕರೆದೊಯ್ಯುವ ಮೊದಲು ಅವರ ತರಬೇತಿ ಎಷ್ಟು ಕಾಲದ್ದು, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾರೆ ಎಂದು ಕೇಳಲು ಸಂಕೋಚಪಡಬಾರದು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ನೋಡಬೇಕು.

ಮಗು ತಿಂಗಳುಗಟ್ಟಲೆ ಯಾರೊಂದಿಗೂ ಸೇರದಿದ್ದರೆ, ಕಲಿತ ಮಾತನ್ನು ಬಿಡುತ್ತ ಬಂದರೆ, ತನಗೋ ಇತರರಿಗೋ ಪೆಟ್ಟು ಮಾಡುತ್ತಿದ್ದರೆ ಪುಸ್ತಕ, ಬಣ್ಣಗಳ ಮೇಲೆ ಭಾರ ಹಾಕಿ ಕೂರುವಂತಿಲ್ಲ, ತಜ್ಞರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ, ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಚಿತ್ರ ಬಿಡಿಸುತ್ತ ಮಗು ತನ್ನ ಮೇಲಾದ ಲೈಂಗಿಕ ದೌರ್ಜನ್ಯದ ಬಗ್ಗೆ ಬಾಯಿಬಿಟ್ಟರೆ, ಮತ್ತೆ ಮತ್ತೆ ಪ್ರಶ್ನಿಸಿ ಅದೇ ಚಿತ್ರವನ್ನು ಮತ್ತೆ ಬರೆಸುವುದು ತಪ್ಪು. ಹೇಳಿದ್ದನ್ನು ಮಗುವಿನ ಮಾತಿನಲ್ಲೇ ಬರೆದಿಟ್ಟುಕೊಳ್ಳಬೇಕು. ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ಮಕ್ಕಳ ಸಹಾಯವಾಣಿ 1098 ಕೂಡ ನೆರವಿಗೆ ಬರುತ್ತದೆ.

ಇನ್ನು ಬಿಡಿಸಿ ಮುಗಿದ ಚಿತ್ರದ ಮಾತು. ಅದು ಮಗುವಿನದು. ತರಗತಿಯ ಗೋಡೆಗೆ ಅಂಟಿಸುವ ಮೊದಲು, ಪೋಷಕರ ಗುಂಪಿಗೆ ಫೋಟೊ ಕಳಿಸುವ ಮೊದಲು ಮಗುವನ್ನು ಕೇಳಬೇಕು. ಬೇಡ ಎಂದರೆ ಕಾರಣ ಕೇಳದೆ ಒಪ್ಪಬೇಕು. ಹರಿದು ಹಾಕುತ್ತೇನೆ ಎಂದರೆ ಅದಕ್ಕೂ ಅವಕಾಶವಿರಬೇಕು. ಗುಂಪಿನ ಚಿತ್ರವಾದರೆ ಅದು ಯಾರ ಮನೆಗೆ ಹೋಗಬೇಕು, ಎಷ್ಟು ದಿನ ಅಲ್ಲಿರಬೇಕು ಎಂಬುದನ್ನು ನಾಲ್ವರೂ ಮಾತಾಡಿ ತೀರ್ಮಾನಿಸಲಿ, ಶಿಕ್ಷಕರು ಅಷ್ಟು ಹೊತ್ತು ಕಾಯಲಿ.